ಸಿವಂಗಿಯನ್ನು ಎಲ್ಲಿ ಕೂರಿಸುವುದು

ಆಫ್ರಿಕಾದಿಂದ ಚೀತಾಗಳು ವಿಮಾನದಲ್ಲಿ ಬಂದಿಳಿದ ದಿನ ವಡೋದರಾದ ನಮ್ಮ ಮನೆಯಲ್ಲಿ ಗೊಂಬೆಯ ಟ್ರಂಕು ಅಟ್ಟದಿಂದ ಇಳಿಯುತ್ತಿತ್ತು. ಪಿತೃಪಕ್ಷ ಇನ್ನೂ ಮುಗಿದಿರಲಿಲ್ಲ. ಆ ದಿನಗಳಲ್ಲಿ ಹಬ್ಬದ ಕೆಲಸಕ್ಕೆ ಕೈಹಾಕಬಾರದೆಂದು ಅಮ್ಮ ಹೇಳುತ್ತಿದ್ದಳು. ಗೊಂಬೆಗಳನ್ನು ಬಿಸಿಲಿಗಿಡುವುದು ಹಬ್ಬದ ಕೆಲಸವಲ್ಲ, ಮನೆಗೆಲಸ ಎಂದು ನಾನೇ ಒಂದು ತೀರ್ಪು ಕೊಟ್ಟುಕೊಂಡಿದ್ದೆ. ನನ್ನ ಗಂಡ ಸ್ಟೂಲಿನ ಮೇಲೆ ನಿಂತು ಟ್ರಂಕಿನ ಒಂದು ಹಿಡಿಕೆ ಹಿಡಿದಿದ್ದರು, ಇನ್ನೊಂದು ನನ್ನ ಕೈಯಲ್ಲಿತ್ತು. ಅವರ ಕಣ್ಣು ಮಾತ್ರ ಟಿವಿಯ ಮೇಲಿತ್ತು. ಅಲ್ಲಿ ಒಂದು ಪೆಟ್ಟಿಗೆಯ ಬಾಗಿಲು ಮೇಲೆದ್ದು ಒಂದು ಚೀತಾ ಹೊರಗೆ ಬಂದು, ಸುತ್ತ ನೋಡಿ, ಏನೂ ತೋಚದೆ ನಿಂತುಬಿಟ್ಟಿತು. ಇವರೂ ಹಾಗೇ ನಿಂತರು. ಟ್ರಂಕಿನ ಭಾರವೆಲ್ಲ ನನ್ನ ಮೇಲೆ ಬಂತು.

"ರೀ, ಅದು ಎಲ್ಲೂ ಓಡಿಹೋಗಲ್ಲ, ನಾಳೇನೂ ತೋರಿಸ್ತಾರೆ. ಮೊದಲು ಇದನ್ನ ಇಳಿಸಿ!" ಎಂದು ಕೂಗಿದೆ.

ಟ್ರಂಕು ನೆಲ ಮುಟ್ಟಿತು. ಅವರು ಸ್ಟೂಲಿನಿಂದ ಇಳಿಯಲೇ ಇಲ್ಲ. ಅಲ್ಲಿಂದಲೇ, "ಈ ಸಲ ನಮ್ಮ ಸಿವಂಗೀನೂ ಕಾಡಿಗೆ ಬಿಡೋಣ ಕಣೇ," ಎಂದರು.

ಗೊಂಬೆಯ ನೆಪದಲ್ಲಿ ಅವರು ಯಾವ ಮಾತು ತೆಗೆಯುತ್ತಿದ್ದಾರೆಂದು ನನಗೆ ತಕ್ಷಣ ಗೊತ್ತಾಯಿತು. ಆ ವರ್ಷ ನಮ್ಮ ಮನೆಯಲ್ಲಿ ಯಾವ ಮಾತೆತ್ತಿದರೂ ಅದು ಕೊನೆಗೆ ಮೈಸೂರಿಗೆ ಹೋಗಿ ನಿಲ್ಲುತ್ತಿತ್ತು. ಮಕರಪುರದ ಕಾರ್ಖಾನೆಯಿಂದ ಅವರು ನಿವೃತ್ತರಾಗಿದ್ದರು. ಮಂಜಲ್‌ಪುರದ ಫ್ಲಾಟನ್ನು ಮಾರಿ ಹುಟ್ಟಿದೂರಿಗೆ ಹಿಂತಿರುಗಬೇಕು ಎನ್ನುವುದು ಅವರ ಆಸೆ. ಅಲ್ಲಿ ಒಂದು ಸಣ್ಣ ಮನೆಯನ್ನೂ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನಾನು ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ ಎಂದು ಕುಳಿತಿದ್ದೆ. ಇಬ್ಬರೂ ಮೈಸೂರಿನವರೇ, ಇಬ್ಬರೂ ಮದುವೆಯಾದ ಹೊಸದರಲ್ಲೇ ಇಲ್ಲಿಗೆ ಬಂದವರು. ಆದರೆ ಒಬ್ಬರಿಗೆ ಹೋಗಬೇಕು, ಇನ್ನೊಬ್ಬರಿಗೆ ಬೇಡ.

ಮೊದಲು ಸಿವಂಗಿಯ ಕಥೆ ಹೇಳಿಬಿಡುತ್ತೇನೆ. ಚೀತಾಗೆ ನಮ್ಮ ಕಡೆಯ ಹಳೆಯ ಹೆಸರು ಅದು. ಮದುವೆಯಲ್ಲಿ ಪಟ್ಟದ ರಾಜ ರಾಣಿಯ ಗೊಂಬೆಗಳ ಜೊತೆಗೆ ನನ್ನ ಅಪ್ಪ ಮನೆಯ ಕೆಲವು ಹಳೆಯ ಮರದ ಗೊಂಬೆಗಳನ್ನೂ ಕೊಟ್ಟು ಕಳಿಸಿದ್ದರು. ಅವುಗಳಲ್ಲಿ ಗೇಣುದ್ದದ ಈ ಪ್ರಾಣಿಯೂ ಒಂದು. ಹಳದಿ ಮೈ, ಕಪ್ಪು ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ, ಸೊಂಟಕ್ಕೆ ಬಳಿದ ಕೆಂಪು ಪಟ್ಟಿ. ಬೇಟೆಗೆ ಪಳಗಿಸಿ ಅರಮನೆಯಲ್ಲಿ ಸಾಕಿದ್ದೆನ್ನುವುದಕ್ಕೆ ಆ ಪಟ್ಟಿ ಗುರುತು. ನೋಡಲು ಬಂದವರೆಲ್ಲ ಚಿರತೆ ಎನ್ನುತ್ತಿದ್ದರು. ಅಪ್ಪನಿಗೆ ರೇಗುತ್ತಿತ್ತು. "ಚಿರತೆ ಅಲ್ಲ, ಸಿವಂಗಿ. ಮುಖದ ಮೇಲೆ ಗೆರೆ ಕಾಣ್ಸಲ್ವಾ?" ಎಂದು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ಬಂದ ಮುತ್ತೈದೆಯರಿಗೂ ಪಾಠ ಮಾಡುತ್ತಿದ್ದರು. ಅವರು ಶಾಲಾ ಮೇಷ್ಟ್ರು. ಮನೆಗೆ ಬಂದಮೇಲೂ ಮೇಷ್ಟ್ರೇ.

ಗೊಂಬೆಯ ಕೆಳಗಿನ ಮೆಟ್ಟಿಲಲ್ಲಿ ನಮ್ಮಲ್ಲಿ ಕಾಡು ಮಾಡುತ್ತಿದ್ದರು. ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹುಲ್ಲು, ಮಧ್ಯೆ ಒಂದು ಕನ್ನಡಿ ಇಟ್ಟರೆ ಕೆರೆ. ಆ ಕಾಡಿಗೆ ಅಪ್ಪನದೊಂದು ಕಾನೂನು ಇತ್ತು. ನಮ್ಮ ದೇಶದ ಕಾಡಿನಲ್ಲಿ ಈಗ ಇರುವ ಪ್ರಾಣಿಗೆ ಮಾತ್ರ ಅಲ್ಲಿ ಜಾಗ. ಯಾರೋ ಪ್ರೀತಿಯಿಂದ ಕೊಟ್ಟ ಜಿರಾಫೆ ಹಬ್ಬವಿಡೀ ಗೊಂಬೆ ಸೆಟ್ಟರ ಅಂಗಡಿಯ ಪಕ್ಕದಲ್ಲಿ, ಸಾಮಾನು ಕೊಳ್ಳಲು ಬಂದ ಗಿರಾಕಿಯ ಹಾಗೆ ನಿಂತಿರುತ್ತಿತ್ತು. ಸಿವಂಗಿಯ ಸಂತತಿ ನಾನು ಹುಟ್ಟುವ ಮೊದಲೇ ಈ ದೇಶದಿಂದ ಅಳಿದುಹೋಗಿತ್ತು. "ಇಲ್ಲದ್ದನ್ನ ಇದೆ ಅಂತ ತೋರಿಸ್ಬಾರ್ದು," ಎನ್ನುತ್ತಿದ್ದ ಅಪ್ಪ ಅದನ್ನು ಪಟ್ಟದ ರಾಜನ ಕಾಲ ಬುಡದಲ್ಲಿ ಕೂರಿಸುತ್ತಿದ್ದರು. ನಾನು ಕದ್ದು ಅದನ್ನು ಹುಲ್ಲಿನೊಳಗೆ ಬಿಡುತ್ತಿದ್ದೆ. ಶಾಲೆಯಿಂದ ಬರುವಷ್ಟರಲ್ಲಿ ಅದು ಮತ್ತೆ ಅರಮನೆ ಸೇರಿರುತ್ತಿತ್ತು. ಅಪ್ಪ ಕಾಲವಾದ ಮೇಲೂ ಆ ಕಾನೂನನ್ನು ನಾನು ಮುರಿಯಲಿಲ್ಲ. ಬೇರೆಲ್ಲ ವಿಷಯದಲ್ಲಿ ಅವರ ಮಾತು ಮೀರಿದವಳು ಇದೊಂದನ್ನು ಯಾಕೆ ಅಷ್ಟು ನಿಯತ್ತಿನಿಂದ ಪಾಲಿಸಿದೆನೋ ನನಗೇ ತಿಳಿಯದು.

ವಡೋದರಾದಲ್ಲಿ ಮೊದಲ ಸಲ ಗೊಂಬೆ ಕೂರಿಸಿದ ವರ್ಷ ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ಆಗ ಮಂಜಲ್‌ಪುರದಲ್ಲಿ ಇಷ್ಟು ಮನೆಗಳಿರಲಿಲ್ಲ. ನಮ್ಮ ಬಾಲ್ಕನಿಯಿಂದ ನೋಡಿದರೆ ಬಯಲು, ಬಯಲಿನಲ್ಲಿ ಎಮ್ಮೆ, ಅದರಾಚೆ ಮಕರಪುರದ ಕಾರ್ಖಾನೆಗಳ ತಗಡಿನ ಸೂರು. ಇವರು ಸ್ಕೂಟರಿನಲ್ಲಿ ಅತ್ತ ಹೋದರೆ ನಾನು ಆಲ್ಕಾಪುರಿಯ ವಿಮಾ ಕಚೇರಿಗೆ ಬಸ್ಸು ಹಿಡಿಯುತ್ತಿದ್ದೆ. ಹಿಂದಿ ಬರುತ್ತದೆಂಬ ಜಂಬ ಇತ್ತು. ಒಂದು ವಾರದಲ್ಲಿ ಇಳಿಯಿತು. ರಾಗಿ ಎಲ್ಲೂ ಸಿಗಲಿಲ್ಲ. ಅಂಗಡಿಯವನು ಸಜ್ಜೆ ತೋರಿಸಿ ಇದೇ ಅದು ಎಂದು ಸಾಧಿಸಿದ. ತಂದು ಚೆಲ್ಲಿದೆ. ಅದೇನು ಮುನಿಸೋ, ಮೊಳೆಯಲೇ ಇಲ್ಲ. ಗೊಂಬೆಯ ಕಾಡು ಬೋಳುಮಣ್ಣಾಗಿ ಉಳಿದಿದ್ದನ್ನು ಎದುರು ಮನೆಯ ಬಾ ಬಂದು ನೋಡಿ ಹೋದರು. ಬಾ ಎಂದರೆ ಇಲ್ಲಿ ಹಿರಿಯ ಹೆಂಗಸಿಗೆ ಅಮ್ಮಾ ಎಂದ ಹಾಗೆ. ಅವರ ಗಂಡನನ್ನು ನಾವು ಕಾಕಾ ಎನ್ನುತ್ತಿದ್ದೆವು.

ಮಾರನೆಯ ದಿನ ಬಾ ಒಂದು ಅಗಲ ಬಾಯಿಯ ಮಡಕೆಯ ತುಂಬ ಹಚ್ಚಗೆ ಬೆಳೆದ ಗೋಧಿ ಪೈರನ್ನು ತಂದು ನನ್ನ ಕೈಗಿಟ್ಟರು. ಏನೋ ಹೇಳಿದರು, ನನಗೆ ಅರ್ಥವಾಗಲಿಲ್ಲ. ನನ್ನ ಕಾಡಿಗೆ ಹುಲ್ಲು ಕೊಟ್ಟಿದ್ದಾರೆ, ಎಂಥ ತಾಯಿ ಎಂದು ಹಿಗ್ಗಿಹೋದೆ. ಮಡಕೆಯನ್ನು ಕೆಳಗಿನ ಮೆಟ್ಟಿಲಲ್ಲಿಟ್ಟು ಆನೆ, ಕರಡಿ, ಜಿಂಕೆಗಳನ್ನು ಒಳಗಿಳಿಸಿದೆ. ಪೈರು ಉದ್ದವಾಗಿದ್ದರಿಂದ ಆನೆಯ ಸೊಂಡಿಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕತ್ತರಿ ತಂದು ಮುಂದಿನ ಸಾಲನ್ನು ಚೊಕ್ಕವಾಗಿ ಕತ್ತರಿಸುತ್ತ ಕುಳಿತಿದ್ದಾಗ ಬಾ ಒಳಗೆ ಬಂದರು.

ಅದು ಜವಾರಾ. ನವರಾತ್ರಿಯಲ್ಲಿ ದೇವಿಯೆಂದೇ ಬಿತ್ತಿ, ಪೂಜಿಸಿ, ಹಬ್ಬ ಮುಗಿದ ಮೇಲೆ ನೀರಿಗೆ ಬಿಡುವ ಪೈರು. ಹೊಸದಾಗಿ ಬಂದ ಮನೆಯವರೂ ನವರಾತ್ರಿ ಮಾಡುತ್ತಾರೆ, ಪಾಪ, ಅವರ ದೇವಿಯ ಮುಂದೆ ಜವಾರಾ ಇಲ್ಲ ಎಂದು ತಮ್ಮ ದೇವರ ಮುಂದಿನ ಎರಡು ಮಡಕೆಗಳಲ್ಲಿ ಒಂದನ್ನು ಎತ್ತಿ ತಂದಿದ್ದರು. ನಾನು ಅದರೊಳಗೆ ಕರಡಿ ಬಿಟ್ಟು ಕೂದಲು ಕತ್ತರಿಸುತ್ತಿದ್ದೆ. ಬಾ ಒಂದು ಮಾತೂ ಬೈಯಲಿಲ್ಲ. ನನ್ನ ಕೈಯಿಂದ ಕತ್ತರಿ ಇಸಿದುಕೊಂಡು ಫ್ರಿಜ್ಜಿನ ಮೇಲಿಟ್ಟರು. ಆಮೇಲೆ ಮೆಟ್ಟಿಲುಗಳನ್ನೆಲ್ಲ ನಿಧಾನವಾಗಿ ನೋಡಿ, ರಾಜನ ಕಾಲ ಬುಡದಲ್ಲಿದ್ದ ಸಿವಂಗಿಯನ್ನು ಎತ್ತಿಕೊಂಡು, "ಮಾತಾಜಿಯ ವಾಹನವನ್ನು ಇಷ್ಟು ಕೆಳಗೆ ಇಡುತ್ತಾರಾ?" ಎಂಬರ್ಥದ ಏನನ್ನೋ ಹೇಳಿದರು. ಅದರ ಹಣೆಗೆ ಕುಂಕುಮ ಹಚ್ಚಿ ಕಳಶದ ಪಕ್ಕ ಕೂರಿಸಿದರು. ಅದು ದೇವಿಯ ವಾಹನವಲ್ಲ, ಬೇಟೆಗೆ ಸಾಕುತ್ತಿದ್ದ ಪ್ರಾಣಿ, ಈಗ ಅದರ ಸಂತತಿಯೇ ಇಲ್ಲ ಎಂದು ಗುಜರಾತಿಯಲ್ಲಿ ಹೇಳಲು ನನ್ನಿಂದಾಗುವ ಮಾತೇ! ಸುಮ್ಮನೆ ಕೈಮುಗಿದೆ. ಆ ಕುಂಕುಮ ಮರಕ್ಕೆ ಅಂಟಿಕೊಂಡು ಎಷ್ಟು ಒರೆಸಿದರೂ ಹೋಗಲಿಲ್ಲ.

ಬಾ ಮತ್ತು ನಾನು ಗೆಳತಿಯರಾದದ್ದು ಹಾಗೆ. ನನ್ನ ಉಸಲಿಗೆ ಅವರು ಸಕ್ಕರೆ ಬೇಡುತ್ತಿದ್ದರು, ಅವರ ಸಿಹಿ ದಾಲ್‌ಗೆ ನಾನು ಮನಸ್ಸಿನಲ್ಲೇ ಹುಣಸೆಹಣ್ಣು ಹಿಂಡುತ್ತಿದ್ದೆ. ಗರಬಾಕ್ಕೆ ಹೊರಟ ಹುಡುಗಿಯರು ಕನ್ನಡಿ ಹೊಲಿದ ಲಂಗ ತೊಟ್ಟು ಮೊದಲು ನಮ್ಮ ಮನೆಯ ಗೊಂಬೆ ನೋಡಿ, ಉಸಲಿ ತಿಂದು, ಆಮೇಲೆ ಮೈದಾನಕ್ಕೆ ಹೋಗುತ್ತಿದ್ದರು. ಅವರ ನಡುವೆ ನನ್ನ ಮಗಳೂ ಬೆಳೆದಳು. ಪ್ರತಿವರ್ಷ ಒಂದು ಹೊಸ ಗೊಂಬೆ ಸೇರಿಸಬೇಕೆನ್ನುವ ಪದ್ಧತಿಯಂತೆ ಗರಬಾ ಆಡುವ ಮಣ್ಣಿನ ಗೊಂಬೆಗಳು ಬಂದವು, ಕಾಠಿಯಾವಾಡದ ಎತ್ತಿನ ಗಾಡಿ ಬಂತು, ಅಹಮದಾಬಾದಿನ ಸಂತೆಯಿಂದ ಕಾಕಾ ಹೊತ್ತು ತಂದ ದೊಡ್ಡ ಗಿರ್ ಸಿಂಹ ಬಂತು. ಸಿಂಹದ ಮುಂದೆ ಆನೆ ನಿಂತಿದೆಯೆಂದು ಕಾಕಾ ಒಂದು ವರ್ಷ ನಿಜವಾಗಿಯೂ ಬೇಜಾರು ಮಾಡಿಕೊಂಡಿದ್ದರು.

ಕಾಕಾನ ಊರು ಗಿರ್ ಕಾಡಿನ ಅಂಚಿನಲ್ಲಿತ್ತು. ಅವರು ಚಿಕ್ಕವರಿದ್ದಾಗ ಮಾವಿನ ತೋಪಿನಲ್ಲಿ ಸಿಂಹ ಮಲಗಿದ್ದರೆ ಅವರಪ್ಪ ಗಾಡಿ ನಿಲ್ಲಿಸಿ, ಬೀಡಿ ಹಚ್ಚಿ, ಅದು ಎದ್ದು ಹೋಗುವವರೆಗೆ ಕಾಯುತ್ತಿದ್ದರಂತೆ. ಸಂಜೆ ಇವರು ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದರೆ ನೇರ ಕಾಕಾನ ಮನೆಯ ಉಯ್ಯಾಲೆಗೆ. ಇಬ್ಬರಿಗೂ ಚಹ, ಇಬ್ಬರಿಗೂ ಜಗಳ. ಇವರ ವಾದ ಯಾವಾಗಲೂ ಒಂದೇ: ಸಿಂಹಗಳೆಲ್ಲ ಒಂದೇ ಕಡೆ ಇದ್ದರೆ ಒಂದು ರೋಗ ಬಂದರೆ ಸಾಕು, ಎಲ್ಲ ಮುಗಿಯಿತು. ಪಕ್ಕದ ರಾಜ್ಯದಲ್ಲಿ ಹಿಂದೆ ಸಿಂಹಗಳಿದ್ದ ಕಾಡಿದೆ, ನಾಲ್ಕನ್ನು ಅಲ್ಲಿಗೆ ಕೊಟ್ಟರೆ ಅಲ್ಲಿಯೂ ವಂಶ ಬೆಳೆಯುತ್ತದೆ.

"ಸಿಂಹ್ ತೊ ಅಮಾರೋ," ಎಂದು ಕಾಕಾ ಎದೆ ಮುಟ್ಟಿಕೊಳ್ಳುತ್ತಿದ್ದರು. ಸಿಂಹ ನಮ್ಮದು. "ಮನೆಯ ಮಗನನ್ನು ಯಾರಾದರೂ ಪಕ್ಕದ ಮನೆಗೆ ಕೊಡುತ್ತಾರಾ?"

"ಮಗಳನ್ನು ಕೊಡುವುದಿಲ್ಲವಾ?" ಎಂದು ಇವರು ತಮ್ಮ ಹರಕು ಗುಜರಾತಿಯಲ್ಲಿ ಕೇಳುತ್ತಿದ್ದರು.

ಕಾಕಾ ಉಯ್ಯಾಲೆ ನಿಲ್ಲಿಸಿ ನಗುತ್ತಿದ್ದರು. ಮಾರನೆಯ ದಿನ ಮತ್ತೆ ಅದೇ ಮಾತು. ಒಂದು ಬೆಕ್ಕನ್ನೂ ಸಾಕದ ಈ ಇಬ್ಬರು ಗಂಡಸರು ಸಂಜೆಯಿಡೀ ಸಿಂಹಗಳ ಆಸ್ತಿ ಪಾಲು ಮಾಡುವುದನ್ನು ನೋಡಿ ಬಾ ಮತ್ತು ನಾನು ಅಡುಗೆಮನೆಯಲ್ಲಿ ಮುಸಿಮುಸಿ ನಗುತ್ತಿದ್ದೆವು. ಇವರು ನಿವೃತ್ತರಾಗುವ ಸ್ವಲ್ಪ ಮೊದಲು ಕಾಕಾ ತೀರಿಕೊಂಡರು. ಉಯ್ಯಾಲೆ ಅಲ್ಲೇ ಇದೆ. ಇವರು ಅದರ ಮೇಲೆ ಕೂರುವುದನ್ನು ಬಿಟ್ಟರು.

ಕೊನೆಗೆ ಆದದ್ದೇನು? ಸಿಂಹಕ್ಕೆಂದು ಅಣಿಮಾಡಿದ್ದ ಕಾಡಿಗೇ ಚೀತಾ ಬಂತು. ಅಂದಿನಿಂದ ಇವರಿಗೆ ಹೊಸ ಹುರುಪು. ವಾದಕ್ಕೆ ಕಾಕಾ ಇಲ್ಲದ್ದರಿಂದ ನನ್ನನ್ನು ಹಿಡಿದುಕೊಂಡರು.

"ಇಲ್ಲೇ ಇದ್ದ ಪ್ರಾಣಿ. ನಾವೇ ಬೇಟೆ ಆಡಿ ಆಡಿ ಇಲ್ಲ ಅನ್ನಿಸಿದ್ವಿ. ನಾವೇ ವಾಪಸ್ ಕರ್ಕೊಂಡು ಬರ್ಬೇಕು. ಅದರ ನೆಲ ಅದಕ್ಕೆ ಸಿಗ್ಬೇಕು," ಎಂದರು ಒಂದು ಬೆಳಿಗ್ಗೆ, ಗೊಂಬೆಯ ಮೆಟ್ಟಿಲಿಗೆ ಬಿಳಿ ಪಂಚೆ ಹಾಸುತ್ತ.

"ಹೋಗಿದ್ದು ಬೇರೆ, ಬಂದಿರೋದು ಬೇರೆ. ಇವು ಹುಟ್ಟಿ ಬೆಳೆದಿದ್ದು ಆಫ್ರಿಕಾದಲ್ಲಿ. ಇವಕ್ಕೆ ಇದು ಹೇಗ್ರೀ ತವರಾಗುತ್ತೆ?"

"ಹುಲ್ಲುಗಾವಲು ಅಲ್ಲೂ ಹುಲ್ಲುಗಾವಲೇ, ಇಲ್ಲೂ ಹುಲ್ಲುಗಾವಲೇ."

"ಹಾಗಿದ್ರೆ ಮಂಜಲ್‌ಪುರ ಏನು ಪಾಪ ಮಾಡಿದೆ?"

"ನಾನು ಚೀತಾ ವಿಷಯ ಮಾತಾಡ್ತಿದೀನಿ," ಎಂದರು.

"ನಾನೂ ಅದನ್ನೇ ಮಾತಾಡ್ತಿರೋದು," ಎಂದೆ.

ಅವರು ಅರ್ಧ ಹಾಸಿದ ಪಂಚೆಯನ್ನು ಹಾಗೇ ಬಿಟ್ಟು ತರಕಾರಿ ತರಲು ಹೋದರು.

ನನಗೆ ಮೈಸೂರು ಬೇಡವೆನ್ನಲು ಕಾರಣಗಳಿದ್ದವು. ಅಪ್ಪನ ಮನೆ ಮಾರಿಯಾಗಿತ್ತು. ನನ್ನ ಜೊತೆ ಓದಿದವರು ಊರೂರು ಸೇರಿದ್ದರು. ರಜೆಗೆ ಹೋದಾಗ "ಯಾವಾಗ ಬಂದೆ?" ಎಂದು ಕೇಳುವವರು ಅದೇ ಉಸಿರಿನಲ್ಲಿ "ಯಾವಾಗ ಹೊರಡ್ತೀಯ?" ಎಂದೂ ಕೇಳುತ್ತಿದ್ದರು. ಇಲ್ಲಿ ಬಾ ಇದ್ದರು. ಗುರುವಾರ ಸಂಜೆ ಬಂದು ಕನ್ನಡದಲ್ಲಿ ಹರಟುವ ಬ್ಯಾಂಕಿನವರು, ರೈಲ್ವೆಯವರು ಇದ್ದರು. ಅವರಲ್ಲಿ ಅರ್ಧ ಜನ ಪ್ರತಿ ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಿದ್ದರೂ ಹೊಸಬರು ಬರುತ್ತಿದ್ದರು. ಮಗಳು ಸೂರತ್‌ನಲ್ಲಿದ್ದಳು, ರೈಲು ಹತ್ತಿದರೆ ಊಟದ ಹೊತ್ತಿಗೆ ಮನೆ. ಇಷ್ಟನ್ನೂ ಬಿಟ್ಟು ಅಲ್ಲಿ ಹೋಗಿ ಹೊಸದಾಗಿ ಯಾರ ಪರಿಚಯ ಮಾಡಿಕೊಳ್ಳಲಿ? ಹುಟ್ಟಿದ ಊರಿನಲ್ಲಿ ಹೊಸಬಳಾಗುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂದು ನನ್ನ ಹಠ.

ಆ ನವರಾತ್ರಿಯಲ್ಲಿ ಸಿವಂಗಿಗೆ ನೆಮ್ಮದಿ ಇರಲಿಲ್ಲ. ಬೆಳಿಗ್ಗೆ ಇವರು ಅದನ್ನು ಹುಲ್ಲಿನೊಳಗೆ ಬಿಡುವುದು, ಮಧ್ಯಾಹ್ನ ನಾನು ರಾಜನ ಕಾಲ ಬುಡಕ್ಕೆ ಎಳೆದು ತರುವುದು, ಸಂಜೆ ಬಾ ಬಂದು ಕುಂಕುಮ ಹಚ್ಚಿ ಕಳಶದ ಪಕ್ಕ ಏರಿಸುವುದು. ಅಷ್ಟಮಿಯ ದಿನ ಮಗಳು ಸೂರತ್‌ನಿಂದ ಬಂದಳು. ಅಪ್ಪ ಫ್ಲಾಟು ಕೊಳ್ಳುವವರನ್ನು ಹುಡುಕುತ್ತಿದ್ದಾರೆಂದು ಬಾ ಅವಳಿಗೆ ಕಟ್ಟಡದ ಮೆಟ್ಟಿಲಲ್ಲೇ ಹೇಳಿಬಿಟ್ಟಿದ್ದರು.

"ಅಪ್ಪಾ, ನೀವು ಮೈಸೂರ್ ಹೋದ್ರೆ ನನ್ನ ಪಿಯರ್ ಎಲ್ಲಿ?" ಎಂದು ಚಪ್ಪಲಿ ಬಿಡುತ್ತಲೇ ಕೇಳಿದಳು. ತವರುಮನೆ ಎನ್ನುವ ಮಾತು ಅವಳ ಬಾಯಿಗೆ ಗುಜರಾತಿಯಲ್ಲೇ ಬರುತ್ತದೆ. "ಅಲ್ಲಿ ನನ್ಗೆ ಯಾರೂ ಗೊತ್ತಿಲ್ಲ. ಅಲ್ಲಿ ಬಂದ್ರೆ ನಾನು ಮಹೆಮಾನ್ ಥರ. ಗೆಸ್ಟ್."

ಅವಳು ನಮ್ಮ ಮುಖಗಳನ್ನೂ ಗೊಂಬೆಯ ಮೆಟ್ಟಿಲನ್ನೂ ನೋಡಿ, ಏನು ನಡೆದಿದೆಯೆಂದು ಊಹಿಸಿ, ಸಿವಂಗಿಯನ್ನು ಎತ್ತಿ ಗರಬಾ ಆಡುವ ಗೊಂಬೆಗಳ ಸುತ್ತಿನೊಳಗೆ ಸಿಕ್ಕಿಸಿದಳು. "ಇರ್ಲಿ, ಅದೂ ಗರಬಾ ಆಡ್ಲಿ," ಎಂದಳು. ಎಲ್ಲರೂ ನಕ್ಕೆವು, ಇವರೂ ನಕ್ಕರು. ಆದರೆ ಮನೆ ಮಾರುವ ಮಾತನ್ನು ಅವರು ಬಿಟ್ಟಿರಲಿಲ್ಲ. ಮಗಳನ್ನು ರೈಲು ಹತ್ತಿಸಿ ಬಂದ ಸಂಜೆಯೇ ಮತ್ತೆ ಫೋನು ಹಿಡಿದು ಬಾಲ್ಕನಿಗೆ ಹೋದರು.

ಮುಂದಿನ ವರ್ಷ ಬೇಸಿಗೆಯಿಂದ ಕೆಟ್ಟ ಸುದ್ದಿಗಳು ಬರತೊಡಗಿದವು. ಒಂದು ಚೀತಾ ಸತ್ತಿತು, ಇನ್ನೊಂದು ಸತ್ತಿತು. ನಡುವೆ ಮರಿಗಳು ಹುಟ್ಟಿದವೆಂದು ಇವರು ಪೇಡಾ ತಂದು ಬಾ ಮನೆಗೂ ಕೊಟ್ಟುಬಂದಿದ್ದರು, ಅವುಗಳಲ್ಲೂ ಕೆಲವು ಬಿಸಿಲಿಗೆ ಉಳಿಯಲಿಲ್ಲ. ಮಳೆಗಾಲ ಬಂದಾಗ ಮತ್ತೊಂದು ಸುದ್ದಿ ಓದಿದೆವು. ಇಲ್ಲಿ ಸೆಕೆ, ಮಳೆ ಇರುವ ತಿಂಗಳುಗಳಲ್ಲಿ ಅವುಗಳ ಹುಟ್ಟೂರಲ್ಲಿ ಚಳಿಗಾಲವಂತೆ. ಅವು ಬಂದು ಅಷ್ಟು ಕಾಲವಾಗಿದ್ದರೂ ಅವುಗಳ ಮೈ ಆ ಊರಿನ ಚಳಿಗೆಂದೇ ದಟ್ಟ ಕೂದಲು ಬೆಳೆಸಿಕೊಂಡಿತ್ತು. ಕೊರಳಿಗೆ ಕಟ್ಟಿದ್ದ ರೇಡಿಯೋ ಪಟ್ಟಿಯ ಕೆಳಗೆ ಆ ಕೂದಲು ಒದ್ದೆಯಾಗಿ, ಹುಣ್ಣಾಗಿ ಕೆಲವು ಸತ್ತವು ಎಂದು ಬರೆದಿದ್ದರು. ನಾನು ನೋಡಿದಿರಾ ಎನ್ನಬೇಕೆಂದು ಬಾಯಿ ತೆರೆದವಳು ಇವರ ಮುಖ ನೋಡಿ ಮುಚ್ಚಿಕೊಂಡೆ. ಪತ್ರಿಕೆಯನ್ನು ಅವರು ಮಡಿಸಿ, ಮತ್ತೆ ಮಡಿಸಿ, ಅಂಗೈಯಷ್ಟು ಮಾಡಿದ್ದರು. ಅವರ ಮೇಲೆ ನನಗೆ ತುಂಬ ಪ್ರೀತಿ ಬಂದ ಗಳಿಗೆ ಅದು. ಇನ್ನೊಂದು ಲೋಟ ಕಾಫಿ ಕೊಟ್ಟೆ.

ಶ್ರಾವಣದಲ್ಲಿ ಇವರು ಮೈಸೂರಿಗೆ ಹೊರಟರು. ಬಾಡಿಗೆಯವರು ಮನೆ ಬಿಡಲು ಸಿದ್ಧರಿದ್ದರು. ಸುಣ್ಣಬಣ್ಣ ಮಾಡಿಸಿ, ಅಲ್ಲೇ ಸ್ವಲ್ಪ ದಿನ ಇದ್ದು, ದಸರೆಯ ಹೊತ್ತಿಗೆ ನನ್ನನ್ನೂ ಗೊಂಬೆಗಳನ್ನೂ ಕರೆಸಿಕೊಳ್ಳುವುದು ಎಂದು ಲೆಕ್ಕ. ನಾನು ಬರುವುದಿಲ್ಲವೆಂದೆ. "ಬರ್ತೀಯ," ಎಂದರು. ಅಜ್ಮೀರದಿಂದ ಬರುವ ಮೈಸೂರು ರೈಲಿಗೆ ಹತ್ತಿಸಿದೆ. ಸೂರತ್ ಸ್ಟೇಷನ್ನಿನಲ್ಲಿ ಮಗಳು ಡಬ್ಬಿ ಹಿಡಿದು ನಿಂತಿದ್ದಳಂತೆ. ಥೇಪ್ಲಾ ರೊಟ್ಟಿ ಮೂರು ದಿನಕ್ಕಾಗುವಷ್ಟಿತ್ತು, ಮಾತು ಒಂದೂ ಇರಲಿಲ್ಲ ಎಂದು ಆಮೇಲೆ ಇವರೇ ಹೇಳಿದರು.

ಹೇಳಿದ್ದಕ್ಕಿಂತ ಬಹಳ ಮೊದಲೇ ವಾಪಸು ಬಂದರು. ವೀಳ್ಯದೆಲೆ ತಂದಿದ್ದರು, ಮೈಸೂರುಪಾಕು ತಂದಿದ್ದರು, ಬಾ ಅವರಿಗೆ ಒಂದು ಚಂದದ ಗಂಧದ ಮಾಲೆ ತಂದಿದ್ದರು. ಮನೆ ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುವರು. ನೆರೆಯವರು ಹೇಗೆ ಎಂದರೆ ಒಳ್ಳೆಯವರು ಎನ್ನುವರು. ಕೆದಕುವುದು ನನ್ನ ಸ್ವಭಾವ, ಆದರೂ ಕೆದಕಲಿಲ್ಲ. ಆ ವರ್ಷದ ಗೊಂಬೆ ಟ್ರಂಕು ಇಳಿಸಿ, ಬಾಲ್ಕನಿಯ ಬಿಸಿಲಿನಲ್ಲಿ ಇಬ್ಬರೂ ಕುಳಿತು ಹಳೆಯ ಪಂಚೆಯ ಚೂರಿನಿಂದ ಗೊಂಬೆ ಒರೆಸುತ್ತಿದ್ದಾಗ ತಾವೇ ಶುರುಮಾಡಿದರು.

"ಬೆಳಿಗ್ಗೆ ಪಾರ್ಕಿಗೆ ಹೋಗ್ತಿದ್ದೆ. ನಮ್ಮ ವಯಸ್ಸಿನೋರೇ ಒಂದಷ್ಟು ಜನ ಬೆಂಚಲ್ಲಿ ಸೇರ್ತಾರೆ. ಸೇರಿಸ್ಕೊಂಡ್ರು, ಪಾಪ. ಒಂದಿನ ಚೀತಾ ಮಾತು ಬಂತು. ಒಬ್ಬರು ಹೇಳಿದ್ರು, ಈ ಗುಜರಾತಿನೋರದ್ದು ಎಂಥಾ ಜಿಪುಣತನ ರೀ, ತಮ್ಮ ಸಿಂಹ ಯಾರಿಗೂ ಕೊಡಲ್ಲ, ಅದಕ್ಕೇ ಪಕ್ಕದೋರು ಹೊರದೇಶದಿಂದ ಪ್ರಾಣಿ ತರಿಸ್ಕೊಂಡು ಸಾಯಿಸೋ ಹಾಗಾಯ್ತು ಅಂತ."

"ನೀವೂ ಅದನ್ನೇ ತಾನೆ ಜೀವಮಾನವೆಲ್ಲ ಹೇಳಿದ್ದು?"

"ಅದೇ ಕಣೇ. ಆದ್ರೆ ಎಲ್ಲಿತ್ತೋ ಕೋಪ. ಮನೆ ಮಗನ್ನ ಯಾರಾದ್ರೂ ಪಕ್ಕದ ಮನೆಗೆ ಕೊಡ್ತಾರೇನ್ರೀ ಅಂದ್ಬಿಟ್ಟೆ. ಜೋರಾಗೇ ಅಂದೆ. ಸಿಂಹ್ ತೊ ಅಮಾರೋ ಅಂತ ಗುಜರಾತೀಲೇ ಬಂದ್ಬಿಡ್ತು ಬಾಯಿಗೆ. ಎದೆ ಬೇರೆ ಮುಟ್ಕೊಂಡೆ, ಥೇಟ್ ಕಾಕಾ ಥರ." ಕೈಯಲ್ಲಿದ್ದ ಸೆಟ್ಟರ ಗೊಂಬೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು. "ಆಮೇಲೆ ಅವರು ಬಹಳ ಮರ್ಯಾದೆಯಿಂದ, ಕ್ಷಮಿಸಿ ಸಾರ್, ತಾವು ಗುಜರಾತಿನೋರು ಅಂತ ಗೊತ್ತಿರ್ಲಿಲ್ಲ, ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀರಿ ಅಂದ್ರು."

ನನಗೆ ನಗು ತಡೆಯಲಾಗಲಿಲ್ಲ. ಬಿದ್ದು ಬಿದ್ದು ನಕ್ಕೆ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ ಕಾಲು ಬಲಿತ ಮನುಷ್ಯನಿಗೆ ಕನ್ನಡ ಚೆನ್ನಾಗಿ ಕಲಿತಿದ್ದೀರಿ ಎಂದರೆ! ಎದುರು ಮನೆಯಿಂದ ಬಾ ಏನಾಯಿತೆಂದು ಇಣುಕಿದರು. ಸ್ವಲ್ಪ ಹೊತ್ತಿಗೆ ನಗುತ್ತಿರುವುದು ನಾನೊಬ್ಬಳೇ ಎಂದು ತಿಳಿಯಿತು.

"ನಾನು ಮೈಸೂರಿನೋನೇ ಅಂತ ಹೇಳ್ಬೋದಿತ್ತು. ಹೇಳ್ಲಿಲ್ಲ," ಎಂದರು. "ನೀನು ಹೇಳಿದ್ದೇ ಸರಿ. ಅಲ್ಲಿಂದ ಹೋದೋನೇ ಬೇರೆ, ಅಲ್ಲಿಗೆ ವಾಪಸ್ ಬಂದೋನೇ ಬೇರೆ. ಆ ಬಾಡಿಗೆಯೋರು ಒಳ್ಳೆ ಜನ. ಮನೆ ಅವರಿಗೇ ಮಾರ್ಬಿಡ್ತೀನಿ ಅಂತ ಮಾತು ಕೊಟ್ಬಂದೆ. ಇಲ್ಲೇ ಇರೋಣ."

ನಾನು ಗೆದ್ದಿದ್ದೆ. ವರ್ಷಕ್ಕೂ ಮೀರಿದ ಜಗಳ ಒಂದೂ ಕೂಗಾಟವಿಲ್ಲದೆ ನನ್ನ ಕಡೆಗೆ ತೀರ್ಮಾನವಾಗಿತ್ತು. "ಸರಿ, ಕಾಫಿ ಮಾಡ್ತೀನಿ," ಎಂದು ಎದ್ದೆ.

ಒಲೆಯ ಮುಂದೆ ನಿಂತಾಗ ಮೈಸೂರಿನ ದಸರೆಯ ಸಂಜೆ ನೆನಪಾಯಿತು. ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು ಒಂದೊಂದೇ ಮನೆಯ ಬಾಗಿಲಿಗೆ ಬಂದು, ಗುರುತಿಲ್ಲದವರ ಮನೆಯಾದರೂ ಸರಿ, "ಗೊಂಬೆ ಕೂರ್ಸಿದ್ದೀರಾ?" ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಕೂರಿಸಿದ್ದೀವಿ ಬನ್ನಿ ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ಇಷ್ಟು ವರ್ಷ ವಡೋದರಾದಲ್ಲಿ ನಾನು ಗೊಂಬೆ ಕೂರಿಸಿದ್ದೇನೆ, ಯಾರೂ ಹಾಗೆ ಬಾಗಿಲಲ್ಲಿ ನಿಂತು ಕೂಗಿಲ್ಲ. ಒಂದಲ್ಲ ಒಂದು ವರ್ಷ ಮೈಸೂರಿನ ಯಾವುದೋ ಬಾಗಿಲಲ್ಲಿ ನಿಂತು ಬನ್ನಿ ಎಂದು ನಾನೂ ಕೂಗುತ್ತೇನೆಂದು ಮನಸ್ಸಿನ ಮೂಲೆಯಲ್ಲಿ ಅಂದುಕೊಂಡಿದ್ದೆ ಎಂಬುದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ. ಬೇಡ ಬೇಡ ಎಂದು ಇಷ್ಟು ಧೈರ್ಯವಾಗಿ ಕೂಗಾಡಿದ್ದು ಬೇಕು ಎನ್ನುವವರು ಮನೆಯಲ್ಲಿ ಒಬ್ಬರಿದ್ದರೆಂದು. ಊರಿನ ಆಸೆಯಲ್ಲಿ ನಮ್ಮಿಬ್ಬರ ಪಾಲನ್ನೂ ಅವರೊಬ್ಬರೇ ಹೊತ್ತುಕೊಂಡಿದ್ದರು. ಈಗ ಅವರು ಕೆಳಗಿಳಿಸಿದ್ದರು. ಎತ್ತಿಕೊಳ್ಳಲು ಇನ್ನು ಯಾರೂ ಇರಲಿಲ್ಲ.

ಹಾಲು ಉಕ್ಕಿ ಒಲೆಯ ಮೇಲೆ ಹರಿದ ವಾಸನೆಗೆ ಇವರು ಒಳಗೆ ಬಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಗ್ಯಾಸು ಆರಿಸಿ, ಏನಾಯಿತು, ಎಲ್ಲಾದರೂ ಸುಟ್ಟಿತೇ ಎಂದು ಗಾಬರಿಯಿಂದ ನನ್ನ ಕೈ ತಿರುಗಿಸಿ ನೋಡಿದರು. ಕೈ ಕಿತ್ತುಕೊಂಡೆ.

"ಬೇಡ ಅಂದಿದ್ದು ನಾನು," ಎಂದೆ. "ಬೇಡ ಅಂತ ನೀವ್ಯಾಕೆ ಅಂದ್ರಿ?"